11ನೆಯ ಪುಟದಲ್ಲಿ ಬೆಂಗಳೂರು

ಕಳೆದ ಶನಿವಾರ ಸಂಜೆ ಹಾಂಗ್‌ಕಾಂಗಿನ ಶಾಮ್ ಶುಯಿ ಪೋ ಬಡಾವಣೆಯ ನಮ್ಮ ಮನೆಯಲ್ಲಿ, ಭಾರತಕ್ಕೆ ಮರಳಿ ಕಳುಹಿಸಬೇಡಿ ಎಂಬ ಬೇರೆಯವರ ಅರ್ಜಿಯನ್ನು ತಿರಸ್ಕರಿಸಿ ಬಂದಿದ್ದ ಇಂಗ್ಲಿಷ್ ಕಾಗದಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಅವರಿಗೆ ಹಿಂದಿಯಲ್ಲಿ ಹೇಳುತ್ತ ಕುಳಿತಿದ್ದಾಗ, 11ನೆಯ ಪುಟದಲ್ಲಿ ಬೆಂಗಳೂರಿನ ಹೆಸರು ಕಂಡಿತು. ಹಾಂಗ್‌ಕಾಂಗಿಗೆ ಬಂದ ಮೇಲೆ ಊರಿನ ಹೆಸರನ್ನು ಯಾವುದೋ ಅಂಗಡಿಯ ಫಲಕದಲ್ಲಿ ಕಂಡರೂ ಹಿಗ್ಗುವವಳು ನಾನು. ಈ ಸಲ ಹಿಗ್ಗಲಿಲ್ಲ. ಅರ್ಜಿದಾರರು ತಮ್ಮ ಜಿಲ್ಲೆಗೆ ಮರಳಲು ಹೆದರುವುದಾದರೆ ದೆಹಲಿ, ಮುಂಬೈ ಅಥವಾ ಬೆಂಗಳೂರಿನಂಥ ದೊಡ್ಡ ನಗರದಲ್ಲಿ ನೆಲೆಸಬಹುದು, ಹಾಗೆ ನೆಲೆಸಿರೆಂದು ಅವರಿಂದ ನಿರೀಕ್ಷಿಸುವುದು ಅನುಚಿತವೇನಲ್ಲ ಎಂದು ಅಲ್ಲಿ ಬರೆದಿತ್ತು.

ಅರ್ಜಿದಾರರು ನಮ್ಮ ಹಿಂದಿನ ಬೀದಿಯ ಹಳೆಯ ಕಟ್ಟಡದಲ್ಲಿ, ಒಂದೇ ಫ್ಲ್ಯಾಟಿಗೆ ಹಲಗೆಯ ಗೋಡೆಗಳನ್ನು ಹಾಕಿ ಐದು ಮಾಡಿದ ಮನೆಯ ಒಂದು ಕೋಣೆಯಲ್ಲಿ ಇರುವ ದಂಪತಿ. ಅವರ ಮಗ ನನ್ನ ಮಗಳ ತರಗತಿಯವನು. ಉತ್ತರ ಭಾರತದವರು, ಜಾತಿ ಮೀರಿ ಮದುವೆಯಾದವರು, ಹೆಂಡತಿಯ ಅಣ್ಣಂದಿರು ಇಬ್ಬರನ್ನೂ ಮುಗಿಸುತ್ತೇವೆಂದು ಹುಡುಕಾಡುತ್ತಿದ್ದಾಗ 2016ರಲ್ಲಿ ವಿಮಾನ ಹತ್ತಿದವರು. ಆಗ ಭಾರತೀಯರು ಯಾವ ಪೂರ್ವಾನುಮತಿಯೂ ಇಲ್ಲದೆ ಬಂದು 14 ದಿನ ಇಲ್ಲಿರಬಹುದಾಗಿತ್ತು. 2017ರ ಜನವರಿಯಿಂದ, ಹೊರಡುವ ಮುನ್ನವೇ ಆನ್‌ಲೈನಿನಲ್ಲಿ ನೋಂದಣಿ ಮಾಡಿಸಬೇಕೆಂಬ ನಿಯಮ ಬಂತು. ಹೀಗೆ ಬಂದು ಉಳಿದು ಅರ್ಜಿ ಹಾಕುವವರು ಹೆಚ್ಚಾದದ್ದೇ ಅದಕ್ಕೆ ಕಾರಣ. ಮೊಮ್ಮಗಳನ್ನು ನೋಡಲು ಬರುವ ನನ್ನ ಅಮ್ಮನ ಪರವಾಗಿ ಆ ನೋಂದಣಿ ಮಾಡಿಸುವವಳು ನಾನೇ, ‘ಯಾರೋ ನಾಲ್ಕು ಜನ ಸುಳ್ಳು ಹೇಳಿ ಉಳಿದುಕೊಂಡದ್ದಕ್ಕೆ ನಮಗೆಲ್ಲ ಈ ಶಿಕ್ಷೆ’ ಎಂದು ಪ್ರತಿಸಲವೂ ಗೊಣಗುತ್ತಿದ್ದವಳೂ ನಾನೇ. ಆ ನಾಲ್ಕು ಜನರಲ್ಲಿ ಇಬ್ಬರು ಈಗ ನನ್ನೆದುರು ಕುಳಿತು ಚಹಾ ಕುಡಿಯುತ್ತಿದ್ದರು.

ಊರಿನವರಿಗೆ ಇಲ್ಲಿಯ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಲೇಬೇಕು. ನಿರಾಶ್ರಿತರ ಕುರಿತಾದ 1951ರ ಒಪ್ಪಂದಕ್ಕೆ ಚೀನಾ ಸೇರಿದ್ದರೂ ಅದನ್ನು ಹಾಂಗ್‌ಕಾಂಗಿಗೆ ಅನ್ವಯಿಸಿಲ್ಲ. ಆದ್ದರಿಂದ ಇಲ್ಲಿ ‘ಆಶ್ರಯ ಕೊಡಿ’ ಎಂದು ಕೇಳಲು ದಾರಿಯಿಲ್ಲ, ‘ನನ್ನನ್ನು ಅಲ್ಲಿಗೆ ಮರಳಿ ಕಳುಹಿಸಬೇಡಿ’ ಎಂದಷ್ಟೇ ಕೇಳಬಹುದು. ನಾನ್-ರಿಫೌಲ್‌ಮೆಂಟ್ ಎಂಬ ನಾಲಿಗೆ ಹೊರಳದ ಪದದ ಅರ್ಥ ಇಷ್ಟೇ. ಹಾಗೆ ಕೇಳುವ ದಾರಿ ಕೂಡ ತೆರೆದದ್ದು ಬಹುಮಟ್ಟಿಗೆ ನ್ಯಾಯಾಲಯಗಳಿಂದ. 2004ರಲ್ಲಿ ಶ್ರೀಲಂಕಾದ ತಮಿಳರೊಬ್ಬರ ಪ್ರಕರಣದಲ್ಲಿ ಇಲ್ಲಿಯ ಅಂತಿಮ ಮೇಲ್ಮನವಿ ನ್ಯಾಯಾಲಯವು, ಚಿತ್ರಹಿಂಸೆಯ ಭಯ ಹೇಳಿಕೊಳ್ಳುವವರ ಅಹವಾಲನ್ನು ಸರ್ಕಾರ ತಾನೇ ಸ್ವತಂತ್ರವಾಗಿ ಪರಿಶೀಲಿಸಬೇಕು, ಒಬ್ಬ ಮನುಷ್ಯನ ಜೀವವೇ ಪಣಕ್ಕಿರುವುದರಿಂದ ಆ ಪರಿಶೀಲನೆ ಅತ್ಯಂತ ನ್ಯಾಯೋಚಿತವಾಗಿರಬೇಕು ಎಂದು ಹೇಳಿತು. 2012 ಮತ್ತು 2013ರ ತೀರ್ಪುಗಳು ಅದನ್ನು ಇನ್ನಷ್ಟು ವಿಸ್ತರಿಸಿದವು, 2014ರ ಮಾರ್ಚಿನಿಂದ ಎಲ್ಲ ಬಗೆಯ ಭಯಗಳನ್ನೂ ಒಟ್ಟಿಗೆ ಪರಿಶೀಲಿಸುವ ಏಕೀಕೃತ ಪದ್ಧತಿ ಬಂತು. ಮೊದಲು ವಲಸೆ ಇಲಾಖೆ, ಅಲ್ಲಿ ತಿರಸ್ಕಾರವಾದರೆ ಮೇಲ್ಮನವಿ ಮಂಡಳಿ. ಇಷ್ಟಾದರೂ ಊರ್ಜಿತವಾಗುವ ಅರ್ಜಿಗಳು ನೂರಕ್ಕೆ ಒಂದರ ಆಸುಪಾಸು.

ಮಂಡಳಿಯೂ ಒಪ್ಪದಿದ್ದರೆ ಉಳಿಯುವುದು ಉಚ್ಚ ನ್ಯಾಯಾಲಯದ ನ್ಯಾಯಾಂಗ ಪರಿಶೀಲನೆ. ಅದಕ್ಕೂ ಮೊದಲು ಅನುಮತಿ ಪಡೆಯಬೇಕು. 2017ರಲ್ಲಿ ಸಾವಿರದಷ್ಟಿದ್ದ ಈ ಅನುಮತಿಯ ಅರ್ಜಿಗಳು 2019ರಲ್ಲಿ ಮೂರೂವರೆ ಸಾವಿರ ಮೀರಿದವು, ನ್ಯಾಯಾಧೀಶರ ಮೇಜಿನ ಮೇಲೆ ರಾಶಿ ಬೆಳೆಯಿತು. ಕಾಲ ತಳ್ಳುವುದಕ್ಕೆಂದೇ ಅರ್ಜಿ ಹಾಕುವವರು ಇದ್ದಾರೆಂಬ ಮಾತು ಸುಳ್ಳಲ್ಲ, ನಾನೇ ಅಂಥವರನ್ನು ಕಂಡಿದ್ದೇನೆ. ಆದರೆ ಹಾಗೆ ತಳ್ಳಿದ ಕಾಲ ಎಂಥದ್ದು ಎಂಬುದನ್ನೂ ಈ ದಂಪತಿಯ ಕೋಣೆಯಲ್ಲಿ ಕಂಡಿದ್ದೇನೆ. ಬಾಡಿಗೆಗೆಂದು ದೊಡ್ಡವರಿಗೆ ತಲಾ ತಿಂಗಳಿಗೆ 1,500 ಹಾಂಗ್‌ಕಾಂಗ್ ಡಾಲರ್, ಆಹಾರಕ್ಕೆಂದು 1,200 ಡಾಲರಿನ ಕಾರ್ಡು, ಮತ್ತು ಎಲ್ಲರೂ ‘ಪೇಪರ್’ ಎಂದು ಕರೆಯುವ ಒಂದು ಮುಚ್ಚಳಿಕೆ ಪತ್ರ. ದುಡಿದರೆ ಜೈಲು. ಏಳು ವರ್ಷ ಇದ್ದುದರಿಂದ ನಮಗೆ ಇಲ್ಲಿಯ ಕಾಯಂ ನಿವಾಸದ ಹಕ್ಕು ಸಿಕ್ಕಿತು. ಅವರ ವರ್ಷಗಳು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಅನುಮತಿಯನ್ನೂ ನಿರಾಕರಿಸಿದ ಉಚ್ಚ ನ್ಯಾಯಾಲಯದ ಆದೇಶ ಆರೇ ಪುಟ, ಅದಕ್ಕೆ ಕಾರಣವಾದ ಮಂಡಳಿಯ ತೀರ್ಮಾನ 23 ಪುಟ. ಹೆಂಡತಿ ಕೇಳಿದ ಮೊದಲ ಪ್ರಶ್ನೆ, “ದೀದಿ, ಜಡ್ಜ್ ಸಾಹೇಬರು ನಮ್ಮದು ಸುಳ್ಳು ಅಂದಿದ್ದಾರೆಯೇ?” ಇಲ್ಲ ಎಂದೆ. ಹಾಗಾದರೆ ನಿಜ ಅಂದಿದ್ದಾರೆಯೇ? ಅದೂ ಇಲ್ಲ. ಮೇಲ್ಮನವಿ ಬೇರೆ, ನ್ಯಾಯಾಂಗ ಪರಿಶೀಲನೆ ಬೇರೆ ಎಂಬುದನ್ನು ಹಿಂದಿಯಲ್ಲಿ ಹೇಳಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ನ್ಯಾಯಾಧೀಶರು ನಿಮ್ಮ ಅಣ್ಣಂದಿರು ಕೊಲ್ಲುತ್ತಾರೋ ಇಲ್ಲವೋ ಎಂದು ನೋಡುವುದಿಲ್ಲ. ಮಂಡಳಿಯವರು ಕಾನೂನನ್ನು ತಪ್ಪಾಗಿ ಓದಿದರೇ, ನಿಮ್ಮ ಮಾತು ಕೇಳದೆ ತೀರ್ಮಾನಿಸಿದರೇ, ಗಮನಿಸಲೇಬೇಕಾದದ್ದನ್ನು ಬಿಟ್ಟರೇ, ಯಾವ ವಿವೇಕಿಯೂ ಬಾರದ ತೀರ್ಮಾನಕ್ಕೆ ಬಂದರೇ, ಅಷ್ಟನ್ನೇ ನೋಡುತ್ತಾರೆ. ಗೆದ್ದರೂ ಸಿಗುವುದು ರಕ್ಷಣೆಯಲ್ಲ, ಮಂಡಳಿಯ ಮುಂದೆ ಇನ್ನೊಂದು ವಿಚಾರಣೆ. ಗಂಡ ಎಲ್ಲವನ್ನೂ ಕೇಳಿ, “ಅಂದರೆ ರೋಗಿಯನ್ನಲ್ಲ, ಡಾಕ್ಟರ ಚೀಟಿಯನ್ನು ನೋಡುತ್ತಾರೆ” ಎಂದ. ಅವನು ಹೇಳಿದ್ದು ನನ್ನ ವಿವರಣೆಗಿಂತ ಚೆನ್ನಾಗಿತ್ತು.

ಅಷ್ಟರಲ್ಲಿ, ಬಣ್ಣ ಹಚ್ಚುತ್ತ ಕುಳಿತಿದ್ದ ಮಗಳು ತಲೆಯೆತ್ತಿದಳು. “ಅಮ್ಮಾ, ಬೆಂಗಳೂರಿಗೆ ಹೋಗಿ ಅಂತ ಅವರೇ ಬರೆದಿದ್ದಾರಲ್ಲ, ಹಾಗಾದರೆ ಇವರು ಅಜ್ಜಿಯ ಮೇಲಿನ ಮನೆಯಲ್ಲೇ ಇರಬಹುದಲ್ಲ? ಅದು ಖಾಲಿ ಇದೆ.”

ಅವಳು ಕನ್ನಡದಲ್ಲಿ ಹೇಳಿದ್ದರಿಂದ ಅತಿಥಿಗಳಿಗೆ ಅರ್ಥವಾಗಲಿಲ್ಲ. ನಾನೂ ಹಿಂದಿಗೆ ತಿರುಗಿಸಲಿಲ್ಲ.

ರಾಜಾಜಿನಗರದ ನಮ್ಮ ಮನೆಯ ಮೇಲಿನ ಭಾಗ ಮೂರು ತಿಂಗಳಿಂದ ಖಾಲಿ ಇರುವುದು ನಿಜ. ಗೇಟಿಗೆ ತಂತಿಯಲ್ಲಿ ಕಟ್ಟಿದ ಬಾಡಿಗೆ ಫಲಕದಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದಿದೆ. ಬರೆಯದೆ ಇರುವುದನ್ನು ಅಮ್ಮ ಬಾಯಲ್ಲಿ ಕೇಳುತ್ತಾರೆ. ನಾನು ಪಿಯುಸಿಯಲ್ಲಿದ್ದಾಗ ಹೀಗೇ ಫಲಕ ನೋಡಿ ಒಬ್ಬ ಹುಡುಗ, ಒಬ್ಬ ಹುಡುಗಿ ಬಂದಿದ್ದರು. ಮೇಲೆ ಹೋಗಿ ನೋಡಿಬಂದು, ಹತ್ತು ತಿಂಗಳ ಅಡ್ವಾನ್ಸಿಗೂ ಒಪ್ಪಿದ್ದರು. ನಾನು ನೀರು ತಂದುಕೊಟ್ಟೆ. “ನೀವು ಯಾವ ಜನ?” ಎಂದು ಅಮ್ಮ ಕೇಳಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆ ನೋಟದಲ್ಲೇ ಎರಡು ಬೇರೆ ಬೇರೆ ಉತ್ತರಗಳಿದ್ದವು. ಒಳಗಿನಿಂದ ಬಂದ ಅಪ್ಪ, ಮನೆಯನ್ನು ಆಗಲೇ ಬೇರೆಯವರಿಗೆ ಮಾತು ಕೊಟ್ಟಾಗಿದೆ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಹುಡುಗಿ ಅರ್ಧ ಕುಡಿದ ಲೋಟವನ್ನು ಕಾಂಪೌಂಡ್ ಗೋಡೆಯ ಮೇಲೆ ಇಟ್ಟುಹೋದಳು. ಫಲಕ ಆಮೇಲೂ ಒಂದು ತಿಂಗಳು ಅಲ್ಲೇ ನೇತಾಡುತ್ತಿತ್ತು.

ಮಂಡಳಿಯ ತೀರ್ಮಾನ ತಪ್ಪೆಂದು ನಾನು ಹೇಳಲಾರೆ. ಮರ್ಯಾದೆಯ ಹೆಸರಿನ ಕೊಲೆಗಳನ್ನು ತಡೆಯಲು 2018ರ ಮಾರ್ಚಿನಲ್ಲಿ ನಮ್ಮ ಸುಪ್ರೀಂ ಕೋರ್ಟು ನೀಡಿದ ನಿರ್ದೇಶನಗಳನ್ನು, ಇಂಥ ಜೋಡಿಗಳಿಗಾಗಿ ಸುರಕ್ಷಿತ ವಸತಿಯ ವಿಚಾರವನ್ನು, ಅವರು ಶ್ರದ್ಧೆಯಿಂದ ಉಲ್ಲೇಖಿಸಿದ್ದಾರೆ. 2019ರಲ್ಲಿ ಗದಗ ಜಿಲ್ಲೆಯಲ್ಲಿ ಜಾತಿ ಮೀರಿ ಮದುವೆಯಾಗಿ ಊರು ಬಿಟ್ಟಿದ್ದ ದಂಪತಿ ಕೆಲವು ವರ್ಷಗಳ ನಂತರ ಮರಳಿದಾಗ ಅವರನ್ನು ಕಲ್ಲಿನಿಂದ ಹೊಡೆದು ಕೊಂದದ್ದು ನೆನಪಾಯಿತು. ಊರು ಅವರನ್ನು ಮರೆತಿರಲಿಲ್ಲ ಎಂದೂ ಅದನ್ನು ಓದಬಹುದು. ಹೊರಗೆ ಇದ್ದಷ್ಟು ದಿನ ಬದುಕಿದ್ದರಲ್ಲ ಎಂದೂ ಓದಬಹುದು. ಮಂಡಳಿಯಾಗಿದ್ದರೆ ಎರಡನೆಯ ರೀತಿಯಲ್ಲೇ ಓದುತ್ತಿತ್ತು, ಕಾನೂನಿನ ಪ್ರಕಾರ ಹಾಗೆ ಓದಲು ಅಡ್ಡಿಯಿಲ್ಲ.

ಹಾಂಗ್‌ಕಾಂಗಿನ ಈ ಬಿಗಿಯನ್ನು ಊರಿನವರೊಡನೆ ಆಡಿಕೊಳ್ಳುವಾಗ ನಾನು ಬೈಲಕುಪ್ಪೆಯ ಮಾತು ತೆಗೆಯುತ್ತಿದ್ದೆ. 1960ರ ದಶಕದ ಆರಂಭದಲ್ಲೇ ಅಂದಿನ ಮೈಸೂರು ರಾಜ್ಯ ಟಿಬೆಟಿನವರಿಗೆ ಭೂಮಿ ಕೊಟ್ಟಿತು, ಯಾರ ಅರ್ಜಿಯನ್ನೂ 23 ಪುಟಗಳಲ್ಲಿ ತೂಗಲಿಲ್ಲ ಎಂಬ ಹೆಮ್ಮೆ ಇತ್ತು, ಈಗಲೂ ಇದೆ. ಆದರೆ ಭಾರತವೂ 1951ರ ಒಪ್ಪಂದಕ್ಕೆ ಸೇರಿಲ್ಲ. ನಿರಾಶ್ರಿತರಿಗೆಂದು ನಮ್ಮಲ್ಲಿ ಪ್ರತ್ಯೇಕ ಕಾನೂನೂ ಇಲ್ಲ. ಟಿಬೆಟಿನವರಿಗೆ ಸಿಕ್ಕಿದ್ದು ಸರ್ಕಾರದ ಔದಾರ್ಯ. 2021ರ ಏಪ್ರಿಲಿನಲ್ಲಿ ಜಮ್ಮುವಿನ ರೋಹಿಂಗ್ಯಾಗಳ ಗಡೀಪಾರನ್ನು ತಡೆಯಲು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಬಂದವರು ಯಾವ ಜನ ಎಂದು ಕೇಳಿ ಬಾಗಿಲು ತೆರೆಯುವ ಮನೆಯಲ್ಲಿ ಬೆಳೆದವಳಾದ ನನಗೆ ಇದು ಇಷ್ಟು ತಡವಾಗಿ ಹೊಳೆಯಬಾರದಿತ್ತು.

ಭಾನುವಾರದ ವಿಡಿಯೋ ಕರೆಯಲ್ಲಿ ಮಗಳು ಬಿಡಲಿಲ್ಲ. “ಅಜ್ಜೀ, ಮೇಲಿನ ಮನೆಯನ್ನು ನನ್ನ ಫ್ರೆಂಡ್ ಮನೆಯವರಿಗೆ ಕೊಡ್ತೀಯಾ?” ಎಂದಳು. ಅಮ್ಮ ನಕ್ಕು, “ಕೊಡೋಣ ಪುಟ್ಟಾ, ಅವರು ಯಾವ ಕಡೆಯವರು?” ಎಂದರು. ‘ಯಾವ ಜನ’ ಎಂಬುದು ಈಚೆಗೆ ‘ಯಾವ ಕಡೆಯವರು’ ಆಗಿದೆ. ಮಗಳು ಬಹಳ ಯೋಚಿಸಿ, “ಶಾಮ್ ಶುಯಿ ಪೋ ಕಡೆಯವರು” ಎಂದಳು.

ಅನುಮತಿ ನಿರಾಕರಣೆಯ ವಿರುದ್ಧ ಮೇಲ್ಮನವಿ ಸಲ್ಲಿಸಲು ಇರುವುದು 14 ದಿನ, ಅವರು ಬಂದಾಗ ಸಿಕ್ಕಿದ್ದಷ್ಟೇ. ಆದರೆ 2022ರ ಡಿಸೆಂಬರಿನಿಂದ ಜಾರಿಯಲ್ಲಿರುವ ನೀತಿಯ ಪ್ರಕಾರ, ಮೇಲ್ಮನವಿ ಬಾಕಿ ಇದ್ದರೂ ಹೊರಗೆ ಕಳುಹಿಸುವ ಕ್ರಮ ಮುಂದುವರಿಯಬಹುದು. ಮೊನ್ನೆ ರಾತ್ರಿ ಹೆಂಡತಿ ಒಬ್ಬಳೇ ಬಂದು ಖಾಲಿ ನಮೂನೆಯನ್ನು ಮೇಜಿನ ಮೇಲೆ ಹರಡಿದಳು. “ಬೆಂಗಳೂರಿನಲ್ಲಿ ನಮ್ಮಂಥವರಿಗೆ ಮನೆ ಯಾರು ಕೊಡುತ್ತಾರೆ ಎಂದು ಇಲ್ಲಿ ಬರೆಯಬಹುದೇ ದೀದಿ?” ಎಂದು ಕಾರಣಗಳ ಜಾಗಕ್ಕೆ ಬೆರಳಿಟ್ಟಳು. ಹಾಗೆ ಬರೆದರೆ ಪ್ರಯೋಜನವಿಲ್ಲ, ಅದನ್ನು ನೀವು ಮಂಡಳಿಯ ಮುಂದೆ ಹೇಳಿದ್ದೀರೇ, ಹೇಳಿದ್ದರೆ ಅವರು ಗಮನಿಸಿದ್ದಾರೆಯೇ ಎಂಬುದಷ್ಟೇ ಮುಖ್ಯ, ನಾನು ವಕೀಲೆಯೂ ಅಲ್ಲ ಎಂದೆ. ಹೇಳಿದ್ದೆವು ಎಂದಳು. ಗಮನಿಸಿದ್ದಾರೆಯೇ ಎಂದು ನೋಡಲು 23 ಪುಟಗಳನ್ನೂ ಮೊದಲಿನಿಂದ ಮತ್ತೆ ಓದತೊಡಗಿದೆವು, ನಾನು ಇಂಗ್ಲಿಷಿನ ಸಾಲುಗಳ ಮೇಲೆ ಪೆನ್ಸಿಲು ಎಳೆಯುತ್ತ, ಅವಳು ನನ್ನ ಮುಖವನ್ನೇ ನೋಡುತ್ತ.