ತೊಗಟೆ ಉಜ್ಜಿದ ದಿನ

ಇಂದು ಬೆಳಿಗ್ಗೆ ಮಾದಾಪುರದ ತೋಟದಲ್ಲಿ ಅರೇಬಿಕಾ ಕಾಫಿ ಗಿಡಗಳ ತೊಗಟೆ ಉಜ್ಜಿದೆವು.

ತೆಂಗಿನ ನಾರಿನ ಕೈಗವಸು ಹಾಕಿಕೊಂಡು ಕಾಂಡವನ್ನು ಹಿಡಿದು ಮೇಲೆ ಕೆಳಗೆ ಎಳೆಯಬೇಕು. ಸಡಿಲವಾದ ಸಿಪ್ಪೆ ಪುಡಿಪುಡಿಯಾಗಿ ಉದುರುತ್ತದೆ. ಬಿಳಿ ಕಾಂಡಕೊರಕದ ದುಂಬಿ ಮೊಟ್ಟೆ ಇಡುವುದು ಆ ಬಿರುಕುಗಳಲ್ಲಿಯೇ. ಅಕ್ಟೋಬರ್‌ನಲ್ಲಿ ಅದು ಮತ್ತೆ ಹಾರುವ ಮೊದಲು ಬಿರುಕು ಇಲ್ಲದಂತೆ ಮಾಡಬೇಕು.

ನಾನು ಜೋರಾಗಿ ಉಜ್ಜುತ್ತಿದ್ದೆ. ಪಕ್ಕದ ಸಾಲಿನಲ್ಲಿದ್ದ ಅಕ್ಕ ಬಂದು ಕೈ ಹಿಡಿದರು.

"ಮೆಲ್ಲಗೆ. ಹಸಿರು ಕಾಣಬಾರದು, ಅದು ಗಿಡದ ಜೀವ."

ನೋಡಿದರೆ ಒಂದು ಕಡೆ ಉಗುರಿನಷ್ಟು ಅಗಲ ಹಸಿರು ಕಾಣುತ್ತಿತ್ತು. ಒದ್ದೆಯಾಗಿ, ಹೊಳೆಯುತ್ತಾ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಆ ಒಳಪದರದಲ್ಲಿಯೇ. ಬಹಳ ಹೊತ್ತು ಬೆರಳಿಟ್ಟುಕೊಂಡು ನಿಂತೆ. ಕ್ಷಮಿಸು ಎಂದು ಹೇಳಬೇಕು ಅನ್ನಿಸಿತು, ಹೇಳಿದೆ ಕೂಡ.

ಅಲ್ಲೇ ನಾಲ್ಕು ಮಾರು ದೂರದಲ್ಲಿ ಸಿಲ್ವರ್ ಓಕ್. ಅದರ ಒರಟು ತೊಗಟೆಯನ್ನು ಯಾರೂ ಮುಟ್ಟುವುದಿಲ್ಲ. ಮೆಣಸಿನ ಬಳ್ಳಿ ಗೆಣ್ಣುಗೆಣ್ಣಿನಲ್ಲಿ ಬೇರು ಬಿಟ್ಟು ಹಿಡಿದುಕೊಂಡು ಏರುವುದು ಆ ಒರಟುತನದ ಮೇಲೆಯೇ. ಒಂದು ಮರದಲ್ಲಿ ನಾವು ಉಜ್ಜಿ ತೆಗೆಯುವುದೇ ಇನ್ನೊಂದರಲ್ಲಿ ನಮ್ಮ ಫಸಲಿಗೆ ಆಸರೆ!

ಸಂಜೆ ಮನೆಗೆ ಬಂದಾಗ ಅಮ್ಮ ಪಲಾವಿಗೆ ಚಕ್ಕೆ ಮುರಿಯುತ್ತಿದ್ದರು. ಅದೂ ತೊಗಟೆಯೇ, ದಾಲ್ಚಿನ್ನಿ ಮರದ ಒಳತೊಗಟೆ. ಇಷ್ಟು ವರ್ಷ ಡಬ್ಬಿಯಿಂದ ತೆಗೆದು ಹಾಕುತ್ತಿದ್ದೇನೆ, ಅದಕ್ಕೊಂದು ಮರ ಇತ್ತು ಎಂದು ನೆನೆದದ್ದು ಇವತ್ತೇ.

ಒಂದು ತುಂಡು ಮೂಗಿನ ಹತ್ತಿರ ಹಿಡಿದೆ. ಅಂಗೈಯಲ್ಲಿ ಇನ್ನೂ ಕಾಫಿ ಗಿಡದ ಹಸಿ ವಾಸನೆ ಇತ್ತು.