ಇಳಕಲ್ ಸೀರಿ ಆಪ್, ಈ ಸಲದ ಅಪ್ಡೇಟ್: ಒಂದ ಪೇಜಿನಿಂದ ಇನ್ನೊಂದ ಪೇಜಿಗೆ ಏನೇನ ಕಳಸೂದು

ಮಾಮಾನ ಸೀರಿ ಅಂಗಡಿ ಆಪ್ ಈಗ ನಾಕ ಪೇಜಿಗೆ ಬಂದು ನಿಂತೈತಿ: ಪಟ್ಟಿ, ಸೀರಿ, ಗಂಟು, ವಿಚಾರಣಿ. ಗಂಟು ಅಂದ್ರ ಎಲ್ಲಾರೂ ಕಾರ್ಟ್ ಅಂತಾರಲ್ಲ ಅದ, ಹೆಸರ ಇಟ್ಟವ್ರು ನಮ್ಮ ಅತ್ತಿ. ನಾ ಇರೂದು ಬಾಗಲಕೋಟಿ ನವನಗರ, ಅಂಗಡಿ ಇರೂದು ಇಳಕಲ್ಲ, ಹಿಂಗಾಗಿ ಹಗಲ ನನ್ನ ಡ್ಯೂಟಿ, ರಾತ್ರಿ ಊಟ ಆದ ಮ್ಯಾಲ ಕೋಡು, ಐತವಾರ ಬಸ್ ಹತ್ತಿ ಮಾಮಾನ ಮುಂದ ಡೆಮೊ. ವ್ಯೂ 3 (ವೆಬ್ ಪೇಜ್ ಕಟ್ಟೂ ಜಾವಾಸ್ಕ್ರಿಪ್ಟ್ ಚೌಕಟ್ಟು), ವ್ಯೂ ರೌಟರ್ (ಯಾವ ಲಿಂಕಿಗೆ ಯಾವ ಪೇಜು ಅಂತ ನೋಡಕೊಳ್ಳೂದು), ಪಿನಿಯಾ (ಎಲ್ಲಾ ಪೇಜಿಗೂ ಬೇಕಾದ ಡೇಟಾ ಮೆಮೊರಿಯೊಳಗ ಇಡೂದು), ಇಷ್ಟ. ಸರ್ವರ್ ಅಂತ ಏನೂ ಇಲ್ಲ, ಮಾಮಾ ಒಂದ ಗೂಗಲ್ ಶೀಟಿನ್ಯಾಗ ಬರೀತಾರ, ಅದರಿಂದ ಒಂದ ಜೇಸನ್ ಫೈಲ್ (ಡೇಟಾ ಬರದಿಡೂ ಟೆಕ್ಸ್ಟ್ ಫೈಲ್) ತಯಾರ ಆಗತೈತಿ, ಆಪ್ ಅದನ್ನ ಓದತೈತಿ.

ಪೇಜ್ ಡಿಸೈನು, ಬಣ್ಣ ಎಲ್ಲಾ ಹೋದ ತಿಂಗಳನ ಮುಗದಿತ್ತು. ಈ ಸಲ ಪೂರಾ ಟೈಮ್ ಹೋಗಿದ್ದು ಒಂದ ಪ್ರಶ್ನಿಗೆ: ಪಟ್ಟಿಯೊಳಗ ಒಂದ ಸೀರಿ ಒತ್ತಿದ್ರ ಮುಂದಿನ ಪೇಜಿಗೆ ಆ ಸೀರಿ ಮಾಹಿತಿ ಹೆಂಗ ಹೋಗಬೇಕು?

ಸಿಂಗಲ್ ಪೇಜ್ ಆಪ್‌ನ್ಯಾಗ ಖರೇ ಅಂದ್ರ ಪೇಜ್ ಬದಲಾಗಂಗ ಇಲ್ಲ, ಬ್ರೌಸರ್ ಒಂದ ಸಲ ಫೈಲ್ ತಂದು ಕುಂತಿರತೈತಿ, ಆಮ್ಯಾಲ ಜಾವಾಸ್ಕ್ರಿಪ್ಟ್ ಒಂದ ಕಾಂಪೊನೆಂಟ್ (ಪೇಜಿನ ತುಂಡು) ತಗದು ಇನ್ನೊಂದ ಇಡತೈತಿ, ಮ್ಯಾಲ ಅಡ್ರೆಸ್ ಬಾರ್‌ನ್ಯಾಗ ಹೆಸರ ಅಷ್ಟ ಬದಲಿ. ಅಂದ್ರ ಮೆಮೊರಿ ಹಂಗ ಇರತೈತಿ, ಪಿನಿಯಾ ಸ್ಟೋರಿನ್ಯಾಗ "ಆರಿಸಿದ ಸೀರಿ" ಅಂತ ಒಂದ ಡಬ್ಬಿ ಮಾಡಿ ಇಟ್ರ ಮುಂದಿನ ಪೇಜು ಅದನ್ನ ತಗೊಂತೈತಿ, ಕೆಲಸ ಮುಗೀತು ಅನಸತೈತಿ. ರಿಫ್ರೆಶ್ ಒತ್ತೂ ತನಕ ಖರೇನೂ ಮುಗದಿರತೈತಿ. ರಿಫ್ರೆಶ್ ಒತ್ತಿದ್ರ ಮೆಮೊರಿ ಖಾಲಿ, ಪೇಜೂ ಖಾಲಿ. ಅದಕ್ಕಿಂತ ದೊಡ್ಡ ತಲಿನೋವು ಅಂದ್ರ ಇಳಕಲ್ ಸೀರಿ ಯಾರೂ ಒಬ್ಬಾಕೀನ ಕುಂತು ತಗೊಳಂಗ ಇಲ್ಲ. ಪುಣೆದಾಗ ಕುಂತಾಕಿ ಲಿಂಕ್ ನೋಡಿ ಹುಬ್ಬಳ್ಯಾಗಿನ ಅಕ್ಕಗ ವಾಟ್ಸಾಪ್ ಮಾಡತಾಳ, ಅಕ್ಕ ಅವ್ವಗ ತೋರಸತಾಳ, ಅವ್ವ "ಸೆರಗು ಸರಿಯಾಗಿ ಕಾಣವಲ್ದು" ಅಂತಾಳ. ಆ ಲಿಂಕ್ ಬ್ಯಾರೆ ಫೋನಿನ್ಯಾಗ ತಗದಾಗ ಅದ ಸೀರಿ ಬರಬೇಕಲ್ಲ. ನನ್ನ ಮೆಮೊರಿ ಅವ್ರ ಫೋನಿಗೆ ಹೆಂಗ ಹೋದೀತು!

ಹಿಂಗಾಗಿ ನಾ ಒಂದ ಪರೀಕ್ಷಾ ಇಟ್ಕೊಂಡೀನಿ: ಈ ಲಿಂಕ್ ಇನ್ನೊಬ್ರಿಗೆ ಹೋದ್ರ ಈ ಮಾಹಿತಿ ಜೋಡಿಗೆ ಹೋಗಬೇಕೋ ಬ್ಯಾಡೋ? ಹೋಗಬೇಕು ಅಂದ್ರ ಅದರ ಜಾಗ ಯುಆರ್‌ಎಲ್. ಬ್ಯಾಡ ಅಂದ್ರ ಅಷ್ಟ ಉಳದ ಜಾಗದ ವಿಚಾರ.

ಯುಟ್ಯೂಬಿನ್ಯಾಗಿನ ಹಳೇ ಪಾಠದಾಗ ಭಾಳ ಮಂದಿ ರೌಟರ್ ಪುಶ್ ಮಾಡೂ ಮುಂದ (ಅಂದ್ರ ಮುಂದಿನ ಪೇಜಿಗೆ ಕಳಸೂ ಮುಂದ) ಪ್ಯಾರಾಮ್ಸ್ (ಪೇಜಿನ ದಾರಿ ಜೋಡಿ ಹೆಸರಿಟ್ಟು ಕಳಸೂ ಮಾಹಿತಿ) ಒಳಗ ಇಡೀ ಆಬ್ಜೆಕ್ಟ್ ತುರಕಿ ಕಳಸತಾರ. ಅದನ್ನ ಈಗ ಯಾರೂ ಟ್ರೈ ಮಾಡಬ್ಯಾಡ್ರಿ, ವ್ಯೂ ರೌಟರ್ 4.1.4 ರಾಗ, ಅಂದ್ರ 2022ರ ಆಗಸ್ಟ್‌ನ್ಯಾಗ, ಅದನ್ನ ತಗದ ಒಗದಾರ. ದಾರಿಯೊಳಗ ಹೆಸರಿಲ್ಲದ ಪ್ಯಾರಾಮ್ ಕಳಿಸಿದ್ರ ಕನ್ಸೋಲಿನ್ಯಾಗ ಒಂದ ವಾರ್ನಿಂಗ್ ಕೊಟ್ಟು ಸುಮ್ನ ಬಿಟ್ಟುಬಿಡತೈತಿ. ಒಳ್ಳೇದ ಮಾಡಿದ್ರು ಅಂತೀನಿ ನಾ, ಯಾಕಂದ್ರ ಅದು ರಿಫ್ರೆಶ್ ಆದ್ರ ಹೆಂಗೂ ಉಳೀತಿರಲಿಲ್ಲ.

ಇನ್ನೊಂದ ದಾರಿ ಹಿಸ್ಟರಿ ಸ್ಟೇಟ್. ಪುಶ್ ಮಾಡೂ ಮುಂದ ಸ್ಟೇಟ್ ಅಂತ ಕೊಟ್ರ ಅದು ಬ್ರೌಸರಿನ ಹಿಸ್ಟರಿ ಎಂಟ್ರಿಗೆ ಅಂಟಕೊಂಡ ಇರತೈತಿ, ರಿಫ್ರೆಶ್ ಆದ್ರೂ ಇರತೈತಿ, ಹಿಂದ ಮುಂದ ಹೋದ್ರೂ ಇರತೈತಿ. ಚಲೋ ಐತಿ. ಆದ್ರ ವ್ಯೂ ರಿಯಾಕ್ಟಿವ್ ಆಬ್ಜೆಕ್ಟ್ (ಬದಲಾದ್ರ ತೆರಿನೂ ತಾನ ಬದಲಾಗೂ ಡೇಟಾ) ಹಂಗ ಕೊಟ್ರ ಒಂದ ವಿಚಿತ್ರ ಆಟ ನಡೀತೈತಿ, ಇದನ್ನ ಸ್ವಲ್ಪ ಬಿಡಿಸಿ ಹೇಳತೀನಿ, ಯಾಕಂದ್ರ ಇದನ್ನ ಎಲ್ಲೂ ನೆಟ್ಟಗ ಬರದಿದ್ದು ನನಗಂತೂ ಸಿಗಲಿಲ್ಲ. ಪುಶ್‌ಸ್ಟೇಟ್ ತಗೊಳ್ಳೂ ಡೇಟಾನ ಬ್ರೌಸರ್ ಸ್ಟ್ರಕ್ಚರ್ಡ್ ಕ್ಲೋನ್, ಅಂದ್ರ ಪೂರಾ ನಕಲು, ಮಾಡತೈತಿ, ಅದಕ್ಕ ಡೇಟ್, ಮ್ಯಾಪ್ ಎಲ್ಲಾ ನಡೀತಾವ, ಫಂಕ್ಷನ್ ನಡಿಯಂಗ ಇಲ್ಲ, ಪ್ರಾಕ್ಸಿನೂ (ಇನ್ನೊಂದ ಆಬ್ಜೆಕ್ಟಿನ ಮುಂದ ಕಾವಲು ನಿಲ್ಲೂ ಆಬ್ಜೆಕ್ಟ್) ನಡಿಯಂಗ ಇಲ್ಲ. ವ್ಯೂ ರಿಯಾಕ್ಟಿವ್ ಅಂದ್ರ ಒಳಗ ಪ್ರಾಕ್ಸಿನ. ಎರರ್ ಬೀಳತೈತಿ, ಆದ್ರ ವ್ಯೂ ರೌಟರ್ ಆ ಎರರ್ ಹಿಡದು ಲೊಕೇಶನ್ ಅಸೈನ್ ಮಾಡಿ ಪೂರಾ ಪೇಜ್ ಲೋಡ್ ಮಾಡಿಬಿಡತೈತಿ! ಕನ್ಸೋಲ್ ಒರಸಿ ಹೋಗತೈತಿ, ಕಣ್ಣಿಗೆ ಬೀಳೂದು ಏನಪಾ ಅಂದ್ರ ಸೀರಿ ಒತ್ತಿದ ಕೂಡ್ಲೆ ಪೇಜ್ ಒಂದ ಸಲ ಬೆಳ್ಳಗಾಗಿ ಹೊಸದಾಗಿ ಬರತೈತಿ, ಡೇಟಾ ಇಲ್ಲ, ಎರರೂ ಇಲ್ಲ. ಡೆವ್ ಟೂಲ್ಸಿನ್ಯಾಗ ಪ್ರಿಸರ್ವ್ ಲಾಗ್ ಹಾಕಿ ನೋಡಿದ್ರ ಅಷ್ಟ ಡೇಟಾಕ್ಲೋನ್ ಎರರ್ ಕಾಣತೈತಿ. ಟು-ರಾ (ಪ್ರಾಕ್ಸಿ ತಗದು ಒಳಗಿನ ಮೂಲ ಆಬ್ಜೆಕ್ಟ್ ಕೊಡೂ ವ್ಯೂ ಫಂಕ್ಷನ್) ಹಚ್ಚಿ ಕಳಿಸಿದ್ರ ಸರಿ ಹೋಗತೈತಿ.

ಸರಿ ಹೋದ್ರೂ ಸೀರಿ ಮಾಹಿತಿಗೆ ನಾ ಅದನ್ನ ಇಟ್ಟಿಲ್ಲ. ಲಿಂಕ್ ಕಾಪಿ ಮಾಡಿ ಕಳಿಸಿದ್ರ ಸ್ಟೇಟ್ ಜೋಡಿಗೆ ಹೋಗಂಗ ಇಲ್ಲ, ಪರೀಕ್ಷಾದಾಗ ಅಲ್ಲೇ ಫೇಲ್.

ಇನ್ನ ಯುಆರ್‌ಎಲ್ ಒಳಗ ಏನ ಹಾಕೂದು? ಮಾಮಾ ಮೊದಲ ಕೇಳಿದ್ದ ಇದು, "ಅಳಿಯಾ, ರೇಟೂ ಅದರಾಗ ಬರತೈತೇನು? ಯಾರರ ತಿದ್ದಿ ಕಳಿಸಿದ್ರ?" ವ್ಯಾಪಾರಸ್ಥರ ತಲಿ ನೋಡ್ರಿ ಎಲ್ಲಿ ಹೋಗತೈತಿ. ಕ್ವೆರಿಯೊಳಗ (ಲಿಂಕಿನ್ಯಾಗ ? ಚಿನ್ನಿ ಆದ ಮ್ಯಾಲಿನ ಭಾಗ) ರೇಟ್ ಹಾಕಿದ್ರ ಅಡ್ರೆಸ್ ಬಾರ್‌ನ್ಯಾಗ 4500 ಇದ್ದದ್ದು 450 ಮಾಡಿ ಎಂಟರ್ ಒತ್ತಿದ್ರ ಆತು, ಪೇಜ್ ಬರೋಬರಿ 450 ತೋರಸತೈತಿ, ಸ್ಕ್ರೀನ್‌ಶಾಟ್ ತಗದು ಜಗಳಕ್ಕ ಬಂದ್ರ ಯಾರಿಗೆ ಬೇಕ. ಅದೂ ಅಲ್ದ ಕೈಮಗ್ಗದ ಸೀರಿ ಅಂದ್ರ ಭಾಳ ಸಲ ಅಂಥಾದು ಒಂದ ಪೀಸ್ ಇರತೈತಿ. ಇವತ್ತ ಪಟ್ಟಿಯೊಳಗ ಇದ್ದದ್ದು ನಾಳೆ ಮಾರಿರತೈತಿ. ಮಾಹಿತಿ ಎಲ್ಲಾ ಹೊತ್ತಕೊಂಡ ಹೋದ ಲಿಂಕು ಮುಂದಿನ ವಾರ ತಗದ್ರೂ "ಐತಿ" ಅಂತನ ಹೇಳತೈತಿ. ಅದಕ್ಕ ಕೋಡ್ ನಂಬರ್ ಒಂದ ಕಳಸೂದು, ಸೀರಿ ಪೇಜ್ ತಾನ ಹೋಗಿ ಜೇಸನ್‌ನ್ಯಾಗ ಆ ನಂಬರ್ ಹುಡಕಿ ಈಗಿನ ರೇಟು, ಈಗಿನ ಸ್ಟಾಕು ತರೂದು.

ಇದನ್ನ ಹಾಳಿ ಮ್ಯಾಲ ಬಾಣ ಹಾಕಿ ತೋರಸಿದ್ರ ಮಾಮಾ "ಕೊಂಡಿ ಹಾಕಿದಂಗ ಆತಲ್ಲೋ" ಅಂದ್ರು. ಇಳಕಲ್ ಸೀರಿಯೊಳಗ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಒಡಲು ಹತ್ತಿ ಇದ್ರೂ ಸೆರಗಿಗೆ ರೇಷ್ಮಿ ಬರತೈತಿ, ಎರಡನ್ನೂ ಎಳಿಗೆ ಎಳಿ ಕೊಂಡಿ ಹಾಕಿ ಕೂಡಸತಾರ. ಒಡಲಿನ ದಾರ ಸೆರಗಿನ ತನಕ ಎಳಕೊಂಡ ಹೋಗಂಗ ಇಲ್ಲ. ನಾ ನಕ್ಕು ಸುಮ್ನಾದೆ, ನನಗಿಂತ ಚಂದ ಹೇಳಿದ್ರು.

ನಂಬರಿನ್ಯಾಗೂ ಒಂದ ಸಣ್ಣ ಕಿರಿಕಿರಿ. ಮಾಮಾ ಸೀರಿಗೆ ಚುಚ್ಚೂ ಚೀಟಿ ಮ್ಯಾಲ 042 ಅಂತ ಬರೀತಾರ. ರೌಟ್ ಪ್ಯಾರಾಮ್ ಯಾವಾಗೂ ಸ್ಟ್ರಿಂಗ್ (ಅಕ್ಷರದ ಸಾಲು) ಆಗಿನ ಬರತೈತಿ, ಅದನ್ನ ನಂಬರ್ ಮಾಡಿದ್ರ 42 ಆಗತೈತಿ, ಚೀಟಿಗೂ ಆಪಿಗೂ ತಾಳ ಕೂಡಂಗ ಇಲ್ಲ. ಶೀಟಿನ್ಯಾಗೂ ಆ ಕಾಲಮ್ ಪ್ಲೇನ್ ಟೆಕ್ಸ್ಟ್ ಮಾಡಿ ಇಟ್ಟೀನಿ, ಇಲ್ಲಂದ್ರ ಅಲ್ಲೇ ಸೊನ್ನಿ ಹಾರತೈತಿ. ಎಲ್ಲಾ ಕಡೆ ಸ್ಟ್ರಿಂಗ್. ರೌಟ್ ಒಳಗ ಪ್ರಾಪ್ಸ್ ಟ್ರೂ ಹಾಕೀನಿ (ಪ್ರಾಪ್ ಅಂದ್ರ ಕಾಂಪೊನೆಂಟಿಗೆ ಹೊರಗಿಂದ ಕೊಡೂ ಮಾಹಿತಿ), ಹಂಗ ಮಾಡಿದ್ರ ಕಾಂಪೊನೆಂಟಿಗೆ ರೌಟರ್ ಅಂದ್ರ ಏನ ಅಂತ ಗೊತ್ತ ಇರಬೇಕಂತ ಇಲ್ಲ, ಕೋಡ್ ಅನ್ನೂ ಪ್ರಾಪ್ ಬಂತು, ಸೀರಿ ತೋರಿಸ್ತು.

ಸೀರಿ ಪೇಜಿನ ತಳಗ "ಇಂಥಾವ ಇನ್ನೂ ಅದಾವ" ಅಂತ ಒಂದ ಸಾಲ ಐತಿ. ಅದರಾಗಿನ ಸೀರಿ ಒತ್ತಿದ್ರ ಮ್ಯಾಲ ಯುಆರ್‌ಎಲ್ 042 ಹೋಗಿ 117 ಆಗತೈತಿ, ಫೋಟೊ ಮಾತ್ರ ಹಳೇದ. ವ್ಯೂ ರೌಟರ್ ಅದ ಕಾಂಪೊನೆಂಟನ್ನ ಹೊಳ್ಳಿ ಬಳಸತೈತಿ, ಸೆಟಪ್ (ಶುರುವಿಗೆ ಒಮ್ಮೆ ನಡಿಯೂ ಕೋಡು) ಎರಡನೇ ಸಲ ನಡಿಯಂಗ ಇಲ್ಲ. ಪ್ರಾಪ್ ಮ್ಯಾಲ ವಾಚ್ (ಬದಲಾತೇನು ಅಂತ ನೋಡೂ ಕಾವಲು) ಇಟ್ರ ಆತು.

ಫಿಲ್ಟರ್ ವಿಷಯ. ದಡಿ ಯಾವುದು (ಚಿಕ್ಕಿ ಪರಾಸ, ಗೋಮಿ, ಗಾಡಿ), ಬಣ್ಣ ಯಾವುದು, ಆರ ವಾರಿನೋ ಎಂಟ ವಾರಿನೋ ಒಂಬತ್ತ ವಾರಿನೋ. ಇವು ಲಿಂಕಿನ ಜೋಡಿ ಹೋಗಬೇಕಾದಂಥಾವ, "ಗೋಮಿ ದಡಿ, ಒಂಬತ್ತ ವಾರಿ, ಇಷ್ಟ ತೋರಸು" ಅಂತ ಮಾಮಾ ಲಿಂಕ್ ಕಳಸಬೇಕು ಗಿರಾಕಿಗೆ. ಅಂದ್ರ ಕ್ವೆರಿ. ಕನ್ನಡದಾಗನ ಹಾಕೋಣು ಅಂತ ಆಸೆ ಇತ್ತು, ಅಡ್ರೆಸ್ ಬಾರ್‌ನ್ಯಾಗ ಛಂದನೂ ಕಾಣತೈತಿ, ಕಾಪಿ ಮಾಡಿ ವಾಟ್ಸಾಪಿನ್ಯಾಗ ಹಾಕಿದಾಗ ಅದರ ಅವತಾರ ನೋಡಬೇಕ ನೀವು. ಯುಟಿಎಫ್-8 ಲೆಕ್ಕದಾಗ ಕನ್ನಡದ ಒಂದೊಂದ ಚಿನ್ನಿಗೆ 3 ಬೈಟ್, ಒಂದ ಬೈಟಿಗೆ ಪರ್ಸೆಂಟ್ ಚಿನ್ನಿ ಹಿಡದು 3 ಅಕ್ಷರ, ಅಂದ್ರ 9. ಒತ್ತಕ್ಷರ, ಕಾಗುಣಿತ ಎಲ್ಲಾ ಬ್ಯಾರೆ ಬ್ಯಾರೆ ಚಿನ್ನಿ. "ಗೋಮಿ" ಅನ್ನೂದ 36 ಅಕ್ಷರ, "ಚಿಕ್ಕಿ ಪರಾಸ" 90 ದಾಟತೈತಿ. ಅದನ್ನ ನೋಡಿದ ಗಿರಾಕಿ ವೈರಸ್ ಐತಿ ಅಂತ ಒತ್ತಂಗನ ಇಲ್ಲ. ಇಂಗ್ಲಿಷಿನ ಎರಡಕ್ಷರದ ಕೋಡ್ ಇಟ್ಟೀನಿ, ತೆರಿ ಮ್ಯಾಲ ಮಾತ್ರ ಕನ್ನಡ.

ಫಿಲ್ಟರ್ ಬದಲಿ ಆದಾಗ ಪುಶ್ (ಹಿಸ್ಟರಿಗೆ ಹೊಸ ಎಂಟ್ರಿ) ಬ್ಯಾಡ, ರಿಪ್ಲೇಸ್ (ಇದ್ದ ಎಂಟ್ರಿನ ಬದಲಿ) ಮಾಡ್ರಿ. ಪುಶ್ ಮಾಡಿದ್ರ ಐದ ಬಣ್ಣ ಒತ್ತಿ ನೋಡಿದಾಕಿ ಹೊಳ್ಳಿ ಹೋಗಾಕ ಐದ ಸಲ ಬ್ಯಾಕ್ ಒತ್ತಬೇಕು. ಬ್ಯಾಕ್ ಹೊಡದಾಗ ಪಟ್ಟಿ ಮೊದಲಿದ್ದ ಜಾಗಕ್ಕ ಬರಾಕ ಸ್ಕ್ರೋಲ್ ಬಿಹೇವಿಯರಿನ್ಯಾಗ ಸೇವ್ಡ್ ಪೊಸಿಶನ್ ಐತಿ, ಆದ್ರ ಪಟ್ಟಿ ತಯಾರ ಇರಬೇಕು, ಇಲ್ಲಂದ್ರ ಪೇಜಿಗೆ ಎತ್ತರನ ಇರಂಗಿಲ್ಲ, ಎಲ್ಲಿಗೆ ಇಳೀತೈತಿ ಅದು. ಪಿನಿಯಾಕ್ಕ ಖರೇ ಕೆಲಸ ಸಿಕ್ಕಿದ್ದು ಇಲ್ಲಿ, ಬಂದ ಪಟ್ಟಿನ ಮೆಮೊರಿಯೊಳಗ ಹಿಡಕೊಂಡ ಕುಂತಿರತೈತಿ. ಹೋದ್ರ ಹೋಗಲಿ, ಹೊಳ್ಳಿ ತರಬಹುದು.

ವಿಚಾರಣಿ ಪೇಜಿನ್ಯಾಗ ಹೆಸರು, ಊರು, ಫೋನ್ ನಂಬರು ಕೇಳತೀವಿ. ಕಡಿಮಿ ರ್‍ಯಾಮ್ ಇದ್ದ ಫೋನಿನ್ಯಾಗ ಅರ್ಧ ತುಂಬಿ ಬ್ಯಾರೆ ಆಪಿಗೆ ಹೋಗಿ ಬಂದ್ರ ಬ್ರೌಸರ್ ಟ್ಯಾಬ್ ಹೊಸದಾಗಿ ಲೋಡ್ ಆಗಿರತೈತಿ. ಹಿಂಗಾಗಿ ಸೆಷನ್ ಸ್ಟೋರೇಜ್. ಆ ಟ್ಯಾಬಿಗೆ ಅಷ್ಟ ಸೀಮಿತ, ರಿಫ್ರೆಶ್ ಆದ್ರೂ ಇರತೈತಿ, ಟ್ಯಾಬ್ ಮುಚ್ಚಿದ್ರ ಹೋಗತೈತಿ. ನಮ್ಮ ಕಡೆ ಒಂದ ಫೋನು ಮನಿ ಮಂದಿ ಎಲ್ಲಾ ಹಿಡೀತಾರ, ಒಬ್ಬರ ಮಾಹಿತಿ ಇನ್ನೊಬ್ಬರ ಮುಂದ ತಾನ ತುಂಬಿ ಬರೂದು ನನಗ ಸರಿ ಅನಸಲಿಲ್ಲ.

ಗಂಟು ಮಾತ್ರ ಲೋಕಲ್ ಸ್ಟೋರೇಜಿನ್ಯಾಗ, ನಾಳೆ ಬಂದು ನೋಡಿದ್ರೂ ಇರಬೇಕಲ್ಲ. ಅದರಾಗೂ ಬರೇ ಕೋಡ್ ನಂಬರಿನ ಪಟ್ಟಿ, ಫೋಟೊ ರೇಟು ಏನೂ ಇಲ್ಲ. ಸುಮಾರ 5 ಎಂಬಿ ಜಾಗ ಸಿಗತೈತಿ, ನಮಗ ಅದರಾಗ ಒಂದ ಚೂರೂ ಬೇಕಾಗಂಗಿಲ್ಲ. ಬರೇ ಸ್ಟ್ರಿಂಗ್ ಇಡಬಹುದು, ಜೇಸನ್ ಮಾಡಿ ಇಟ್ಟು ಓದೂ ಮುಂದ ಟ್ರೈ ಕ್ಯಾಚ್ ಹಾಕೀನಿ. ಎರಡ ಟ್ಯಾಬ್ ತಗದವ್ರಿಗೆ ಸ್ಟೋರೇಜ್ ಇವೆಂಟ್ ಐತಿ, ಬರದ ಟ್ಯಾಬಿಗೆ ಅದು ಬರಂಗಿಲ್ಲ, ಉಳದ ಟ್ಯಾಬಿಗೆ ಬರತೈತಿ. ಐಫೋನ್ ಗಿರಾಕಿಗೆ ಒಂದ ಮಿತಿ ಐತಿ: 2020ರ ಮಾರ್ಚಿನ ಸಫಾರಿ 13.1 ರಿಂದ, 7 ದಿನ ಸಫಾರಿ ಬಳಸಿ ನಮ್ಮ ಸೈಟಿಗೆ ಕೈ ಹಚ್ಚಲಿಲ್ಲ ಅಂದ್ರ ಸ್ಕ್ರಿಪ್ಟ್ ಬರದ ಸ್ಟೋರೇಜ್ ಎಲ್ಲಾ ಅಳಿಸಿ ಹೋಗತೈತಿ. ಅದಕ್ಕ ಗಂಟಿಗೂ ಲಿಂಕ್ ಮಾಡೀನಿ, ಕೋಡ್ ನಂಬರ್ ಎಲ್ಲಾ ನಡುವ ಅಡ್ಡಗೆರಿ ಹಾಕಿ ಒಂದ ಕ್ವೆರಿಯೊಳಗ. ಆ ಲಿಂಕ್ ತಗದ ಅಕ್ಕನ ಕಡೆ ಆಗಲೇ ಆಕಿದ ಗಂಟ ಇದ್ರ ಅದನ್ನ ಮುಟ್ಟಂಗಿಲ್ಲ, "ತಂಗಿ ಕಳಿಸಿದ ಗಂಟು" ಅಂತ ಬ್ಯಾರೆ ತೋರಸಿ, ಕೂಡಸಲೇನು ಅಂತ ಕೇಳತೈತಿ. (ತಂಗಿ ಅಂತ ಹೆಂಗ ಗೊತ್ತು ಅಂತ ಕೇಳಬ್ಯಾಡ್ರಿ, ಅತ್ತಿ ಹಂಗ ಬರಿ ಅಂದಾರ.)

ಕಡೀಕ ವಾಟ್ಸಾಪಿಗೆ ಹೋಗೂ ಮೆಸೇಜ್. ಅದೂ ಯುಆರ್‌ಎಲ್‌ನ್ಯಾಗನ ಹೋಗತೈತಿ, ಹಿಂಗಾಗಿ ಎನ್‌ಕೋಡ್ ಯುಆರ್‌ಐ ಕಾಂಪೊನೆಂಟ್ (ವಿಶೇಷ ಚಿನ್ನಿಗಳನ್ನ ಪರ್ಸೆಂಟ್ ಕೋಡ್ ಮಾಡೂ ಫಂಕ್ಷನ್) ಹಚ್ಚಲೇಬೇಕು, ಇಲ್ಲಂದ್ರ ಶೀಟಿನ್ಯಾಗ ಮಾಮಾ "ಹತ್ತಿ & ರೇಷ್ಮಿ" ಅಂತ ಬರದಿದ್ರ ಮೆಸೇಜ್ "ಹತ್ತಿ" ತನಕ ಬಂದು ನಿಂದರತೈತಿ.

ಈಗ ಉಳದದ್ದು ಪ್ರಿವ್ಯೂ, ಅಂದ್ರ ಚಾಟಿನ್ಯಾಗ ಲಿಂಕಿನ ಜೋಡಿ ಕಾಣೂ ಫೋಟೊ, ಹೆಸರು. ಸೀರಿ ಲಿಂಕ್ ಕಳಿಸಿದ್ರ ಆ ಸೀರಿ ಫೋಟೊ ಬರಬೇಕು ಅಂತ ಮಾಮಾ ಹಟ ಹಿಡದಾರ, ಈಗ ಎಲ್ಲಾ ಲಿಂಕಿಗೂ ಅಂಗಡಿ ಬೋರ್ಡ್ ಬರತೈತಿ. ಪ್ರಿವ್ಯೂ ತಗೊಳ್ಳೂ ವಾಟ್ಸಾಪ್ ಜಾವಾಸ್ಕ್ರಿಪ್ಟ್ ನಡಸಂಗಿಲ್ಲ, ಇಂಡೆಕ್ಸ್ ಫೈಲಿನ್ಯಾಗ ಬರದದ್ದನ್ನ ಅಷ್ಟ ಓದತೈತಿ. ಹ್ಯಾಶ್ (#) ಇರೂ ಯುಆರ್‌ಎಲ್ ಇಟ್ಟಿದ್ರ ಇದು ಆಗೂ ಮಾತ ಇರಲಿಲ್ಲ, ಹ್ಯಾಶ್ ಆದ ಮ್ಯಾಲಿಂದು ಹೋಸ್ಟಿಂಗಿಗೆ ಹೋಗೂದನ ಇಲ್ಲ. ನಾ ಮೊದಲಿಂದ ಹಿಸ್ಟರಿ ಮೋಡ್ (ಹ್ಯಾಶ್ ಇಲ್ಲದ ಲಿಂಕು) ಇಟ್ಟೀನಿ, ಗೊತ್ತಿಲ್ಲದ ದಾರಿ ಬಂದ್ರ ಇಂಡೆಕ್ಸ್ ಕೊಡು ಅಂತ ಹೋಸ್ಟಿಂಗಿನ್ಯಾಗ ಒಂದ ಸಾಲು ಬರದೀನಿ. ಇನ್ನ ಬಿಲ್ಡ್ ಮಾಡೂ ಮುಂದ ಶೀಟ್ ಓದಿ ಒಂದೊಂದ ಸೀರಿಗೆ ಒಂದೊಂದ ಸಣ್ಣ ಎಚ್‌ಟಿಎಂಎಲ್ ಫೈಲ್, ಅದರಾಗ ಹೆಸರು, ಫೋಟೊ ಟ್ಯಾಗು. ರೇಟ್ ಹಾಕಂಗಿಲ್ಲ, ಚಾಟಿನ್ಯಾಗ ಒಮ್ಮೆ ಬಿದ್ದ ಪ್ರಿವ್ಯೂ ಆಮ್ಯಾಲ ಬದಲಾಗಂಗಿಲ್ಲ. ಸ್ಕ್ರಿಪ್ಟ್ ಅರ್ಧ ಆಗೇತಿ. ಫೋಟೊನ ತೊಂದ್ರಿ, ಈಗಿರೂ ಫೋಟೊದಾಗ ಟೋಪ ತೆನಿ (ಇಳಕಲ್ ಸೆರಗಿನ ವಿನ್ಯಾಸ) ಸೆರಗು ಅರ್ಧಕ್ಕ ಮಡಚಿ ಇಟ್ಟಾರ, ಸಣ್ಣ ಡಬ್ಬಿಯೊಳಗ ಬರೇ ಕೆಂಪ ಕಾಣತೈತಿ. ಸೆರಗು ಬಿಚ್ಚಿ ಹೊಸ ಫೋಟೊ ತಗೀರಿ ಅಂತ ಮಾಮಾಗ ಹೇಳೀನಿ, ಬರೂ ಐತವಾರ ಹೋದಾಗ ನಾನ ಕುಂತು ತಗೀಬೇಕಾಗತೈತಿ ಅನಸತೈತಿ.