“ಆತ್ಮರಕ್ಷಣೆ ಅಂತ ಹಾಕಿಬಿಡು”

4 ಸೆಪ್ಟೆಂಬರ್ 2025, ಗುರುವಾರ
ವಿರಾಜಪೇಟೆ

ನಿನ್ನೆ ಕೈಲ್ ಮುಹೂರ್ತ, ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ. ಇವತ್ತು ಕೋರ್ಟಿಗೆ ಹೋಗುವ ಮನಸ್ಸೇ ಇರಲಿಲ್ಲ, ಆದರೂ ಹೋಗಿ ಬಂದೆ. ಅರ್ಧ ಜನ ಕಕ್ಷಿದಾರರು ಬಂದಿರಲಿಲ್ಲ, ಬಂದವರಿಗೂ ಹಬ್ಬದ ನಿದ್ದೆ ಬಿಟ್ಟಿರಲಿಲ್ಲ. ಸಂಜೆ ಮನೆಗೆ ಬಂದು ಕಾಫಿಗೆ ನೀರಿಡುವಷ್ಟರಲ್ಲಿ ಅಮ್ಮನ ಕಡೆಯ ಮಾವ ಒಬ್ಬರು ಬಂದರು. ಒಂದು ಕೈಯಲ್ಲಿ ಕಡುಬಿನ ಡಬ್ಬಿ. ಇನ್ನೊಂದರಲ್ಲಿ ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಎಫ್‌ಐಆರ್ ಪ್ರತಿ.

ಯಾಕೆ ಬಂದರು ಅಂತ ಕೇಳಬೇಕಾಗಿರಲಿಲ್ಲ. ಆಗಸ್ಟ್‌ನಲ್ಲಿ ಅವರ ಮಗ ದಾಯಾದಿಗೆ ಗುಂಡು ಹೊಡೆದದ್ದು ಎಲ್ಲರಿಗೂ ಗೊತ್ತು. ಊರು, ಹೆಸರು ಬರೆಯುವುದಿಲ್ಲ. ಕೊಡಗು ಚಿಕ್ಕ ಜಿಲ್ಲೆ, ಬರೆಯದಿದ್ದರೂ ಕೆಲವರು ಕಂಡುಹಿಡಿಯುತ್ತಾರೆ. ಅದಕ್ಕೇ ಒಂದೆರಡು ವಿವರ ಬದಲಿಸಿದ್ದೇನೆ. ಎರಡೂ ಕಡೆಯವರು ನನಗೆ ನೆಂಟರು, ಹಾಗಾಗಿ ಯಾರ ಪರವೂ ವಕಾಲತ್ತು ಹಾಕುವುದಿಲ್ಲ ಅಂತ ಮೊದಲ ವಾರವೇ ಹೇಳಿಬಿಟ್ಟಿದ್ದೆ. ಆದರೆ ಹಬ್ಬದ ಕಡುಬು ಹಿಡಿದು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡುವುದಕ್ಕಾಗುತ್ತಾ?

“ನೋಡಮ್ಮಾ, ಇದು ಆತ್ಮರಕ್ಷಣೆ. ಹಾಗೆ ಹಾಕಿಬಿಟ್ಟರೆ ಕೇಸು ಬಿದ್ದುಹೋಗುತ್ತೆ ಅಂತ ಎಲ್ಲರೂ ಹೇಳ್ತಿದ್ದಾರೆ” ಅಂದರು, ಕೂರುವುದಕ್ಕೂ ಮುಂಚೆ.

ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಫಾರಂನಲ್ಲಿ ಒಂದು ಖಾನೆ ಇದೆ, ಅದಕ್ಕೆ ಟಿಕ್ ಹಾಕಿದರೆ ಬಿಡುಗಡೆ ಅನ್ನುವ ಹಾಗೆ. ಕಾನೂನು ಆ ಹಕ್ಕನ್ನು ಕೊಟ್ಟಿರುವುದು ನಿಜ, ಧಾರಾಳವಾಗಿಯೇ ಕೊಟ್ಟಿದೆ. ಹಳೆ ದಂಡಸಂಹಿತೆಯಲ್ಲಿ 96ರಿಂದ 106ನೇ ಸೆಕ್ಷನ್‌ವರೆಗೆ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44. ನಂಬರು ಬದಲಾಯಿತು, ಒಳಗಿನ ವಿಷಯ ಹೆಚ್ಚು ಬದಲಾಗಿಲ್ಲ.

ಜಗಳ ಶುರುವಾದದ್ದು ಹೀಗೆ. ಇಬ್ಬರ ಅಜ್ಜಂದಿರು ಅಣ್ಣತಮ್ಮಂದಿರು. ಎರಡು ಮನೆ, ಒಂದೇ ಗೇಟು, ನಡುವೆ ಕಾಫಿ ಒಣಗಿಸುವ ಕಣ. ಕಣದ ಪಕ್ಕದಲ್ಲೇ ಮೇಲಿನ ಬಾಣೆಗೆ, ಅಂದರೆ ಗದ್ದೆಗೆ ಸೇರಿದ ಎತ್ತರದ ಜಾಗಕ್ಕೆ, ಹೋಗುವ ದಾರಿ. ಪಾಲಾದದ್ದು ಅಜ್ಜಂದಿರ ಕಾಲದಲ್ಲಿ, ಬಾಯಿಮಾತಿನಲ್ಲಿ. ಪಹಣಿಯಲ್ಲಿ ಇವತ್ತಿಗೂ ಮುತ್ತಜ್ಜನ ಹೆಸರೇ ಇದೆ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗಗಳಲ್ಲಿ ಇದೇನು ಹೊಸದಲ್ಲ. ಗಡಿ ಅಂತ ಇದ್ದದ್ದು ಸಿಲ್ವರ್ ಓಕ್ ಸಾಲು ಒಂದೇ. ಹೋದ ವರ್ಷ ಮಾವನ ಮಗ ಅದರಲ್ಲಿ ಕೆಲವು ಮರ ಕಡಿಸಿದ. ಮರದ ಜೊತೆ ಹಬ್ಬಿದ್ದ ಒಳ್ಳೆಮೆಣಸಿನ ಬಳ್ಳಿಯೂ ಹೋಯಿತು. ಬಳ್ಳಿ ತನ್ನದು ಅಂತ ಅವನು, ಆ ಮನೆಯ ದಾಯಾದಿ. ಮರ ತನ್ನದು ಅಂತ ಇವನು, ಮಾವನ ಮಗ. ಮಾತು ನಿಂತಿತು. ಆಮೇಲೆ ಇವನು ದಾರಿಗೆ ಅಡ್ಡ ತಂತಿ ಬೇಲಿ ಹಾಕಿದ. ಆಗಸ್ಟ್‌ನ ಒಂದು ಬೆಳಿಗ್ಗೆ ಅವನು ಕತ್ತಿ ಹಿಡಿದು ಬಂದು ಬೇಲಿಯ ಗೂಟ ಕಡಿಯಲು ಶುರು ಮಾಡಿದ. ಇವನು ಒಳಗಿಂದ ಕೋವಿ ತಂದ. ಎರಡು ಗುಂಡು. ಅವನ ತೊಡೆಗೆ ಚರೆ, ಅಂದರೆ ತೋಟೆಯೊಳಗಿನ ಸಣ್ಣ ಗುಂಡುಗಳು, ಹೊಕ್ಕವು. ಜೀವಕ್ಕೆ ಅಪಾಯ ಆಗಲಿಲ್ಲ, ಪುಣ್ಯ. ದೂರು, ಪ್ರತಿದೂರು ಎರಡೂ ದಾಖಲಾದವು.

“ಕತ್ತಿ ಎತ್ತಿದ. ಇವನು ಹೊಡೆಯದೇ ಇದ್ದಿದ್ದರೆ ಹೆಣ ಬೀಳ್ತಿತ್ತು” ಅಂದರು ಮಾವ.

ಇಲ್ಲಿಯೇ ನಮ್ಮೂರಿನ ಕಷ್ಟ ಇರುವುದು. ತೋಟಕ್ಕೆ ಇಳಿಯುವ ಗಂಡಸು ಕತ್ತಿ ಇಲ್ಲದೆ ಇಳಿಯುವುದುಂಟಾ? ಬಳ್ಳಿ ಸವರಲು ಬೇಕು, ಬಿದ್ದ ಕೊಂಬೆ ಕಡಿಯಲು ಬೇಕು, ಹಾವು ಕಂಡರೆ ಕೈಯಲ್ಲಿರಲಿ ಅಂತಲೂ ಬೇಕು. ಹಿಡಿ ಸವೆದು ಅಂಗೈಗೆ ಸರಿಯಾಗಿ ಕೂರುವ ಹಾಗಾಗಿರುತ್ತದೆ. ಸಿಟ್ಟಿನಲ್ಲಿ ಕೈ ಬೀಸಿ ಮಾತಾಡಿದರೆ ಕತ್ತಿಯೂ ಜೊತೆಗೇ ಬೀಸುತ್ತದೆ. ಗೂಟ ಕಡಿಯಲು ಎತ್ತಿದ ಕತ್ತಿಗೂ ತಲೆ ಕಡಿಯಲು ಎತ್ತಿದ ಕತ್ತಿಗೂ ಕಣದಾಚೆ ನಿಂತವನ ಕಣ್ಣಿಗೆ ವ್ಯತ್ಯಾಸ ಕಾಣದೇ ಇರಬಹುದು. ಕಾನೂನು ಇದನ್ನು ಒಪ್ಪುತ್ತದೆ. ಏಟು ಬೀಳುವ ತನಕ ಕಾಯಬೇಕಾಗಿಲ್ಲ, ಜೀವಕ್ಕೆ ಕುತ್ತು ಅನ್ನುವ ಭಯ ಸಹಜವಾಗಿದ್ದರೆ ಸಾಕು, ಹಕ್ಕು ಆಗಲೇ ಶುರು. ಹೆದರಿ ಓಡಿಹೋಗಬೇಕಿತ್ತು ಅಂತಲೂ ನಮ್ಮ ಕೋರ್ಟುಗಳು ಹೇಳುವುದಿಲ್ಲ. ಕತ್ತಿ ಎತ್ತಿದವನ ಎದುರು ನಿಂತವನಿಂದ ಪ್ರತಿ ಏಟನ್ನೂ ಅಳೆದು ಕೊಡಬೇಕು ಅಂತ ನಿರೀಕ್ಷಿಸುವುದೂ ಇಲ್ಲ.

ಇಷ್ಟು ಹೇಳಿದಾಗ ಮಾವನ ಮುಖ ಸ್ವಲ್ಪ ಅರಳಿತು. ನಾನು ಕೇಳಿದೆ, “ಕೋವಿ ಎಲ್ಲಿತ್ತು ಮಾವ?”

“ಕೋಣೆಯ ಬೀರುವಿನಲ್ಲಿ.”

“ತೋಟೆ?”

“ಅದು ದೇವರ ಕೋಣೆಯ ಡ್ರಾಯರಿನಲ್ಲಿ. ಮಕ್ಕಳಿದ್ದಾರಲ್ಲ ಮನೆಯಲ್ಲಿ, ಒಟ್ಟಿಗೆ ಇಡೋದಿಲ್ಲ.”

ಒಳ್ಳೆಯ ಅಭ್ಯಾಸ, ಎಲ್ಲರೂ ಹಾಗೇ ಇಡಬೇಕು. ಆದರೆ ಈ ಕೇಸಿನಲ್ಲಿ ಅದೇ ಮುಳ್ಳು. ಕಣದಿಂದ ಜಗಲಿಗೆ ಬರಬೇಕು. ಚಪ್ಪಲಿ ಬಿಟ್ಟನೋ ಇಲ್ಲವೋ, ಒಳಗೆ ಹೋಗಿ ಬೀರುವಿನ ಬೀಗ ತೆಗೆಯಬೇಕು. ದೇವರ ಕೋಣೆಗೆ ಹೋಗಿ ತೋಟೆ ತೆಗೆಯಬೇಕು. ಜೋಡುನಳಿಗೆಯ ಕೋವಿಯನ್ನು ಮಡಿಸಿ ತೆರೆದು ಎರಡೂ ನಳಿಗೆ ತುಂಬಿಸಿ ಮತ್ತೆ ಕಣಕ್ಕೆ ಬರಬೇಕು. ಅಷ್ಟು ಹೊತ್ತು ಅವನು ಏನು ಮಾಡುತ್ತಿದ್ದ? ಗೂಟ ಕಡಿಯುತ್ತಲೇ ಇದ್ದ. ಬಾಗಿಲು ಒಡೆಯಲು ಬರಲಿಲ್ಲ, ಇವನ ಹಿಂದೆ ಓಡಿ ಬರಲಿಲ್ಲ. ಸರ್ಕಾರಿ ವಕೀಲರು ಮೊದಲು ಹಿಡಿಯುವುದು ಈ ನಿಮಿಷಗಳನ್ನೇ. ಒಳಗೆ ಹೋದವನು ಬಾಗಿಲು ಹಾಕಿ ಫೋನ್ ಮಾಡಬಹುದಿತ್ತಲ್ಲ? ಪೊಲೀಸರ ರಕ್ಷಣೆ ಪಡೆಯಲು ಸಮಯ ಇದ್ದರೆ ಈ ಹಕ್ಕು ಸಿಗುವುದಿಲ್ಲ, 37ನೇ ಸೆಕ್ಷನ್ ನೇರವಾಗಿಯೇ ಹೇಳುತ್ತದೆ. ಠಾಣೆಯಿಂದ ಜೀಪು ಬರಲು ಎಷ್ಟು ಹೊತ್ತು, ಮಳೆಗಾಲದಲ್ಲಿ ಆ ಗುಡ್ಡದಲ್ಲಿ ನೆಟ್‌ವರ್ಕ್ ಸಿಗುತ್ತದಾ ಅನ್ನುವುದು ವಾದ ಮಾಡಬಹುದಾದ ವಿಷಯ. ಮಾಡಬೇಕು ಕೂಡ. ಆದರೆ ಅದು ಬೇರೆಯೇ ವಾದ, “ಕತ್ತಿ ಎತ್ತಿದ, ಹೊಡೆದೆ” ಅನ್ನುವಷ್ಟು ಸಲೀಸಲ್ಲ.

“ಬೇಲಿ ನಮ್ಮದು, ಜಾಗ ನಮ್ಮದು. ಕಡಿಯೋದನ್ನ ನೋಡ್ಕೊಂಡು ಸುಮ್ನೆ ಕೂರಬೇಕಿತ್ತಾ?”

ಇದನ್ನೂ ಬಹಳ ಜನ ಕೇಳುತ್ತಾರೆ. ಆಸ್ತಿ ಕಾಪಾಡಿಕೊಳ್ಳುವ ಹಕ್ಕೂ ಇದೆ. ತಳ್ಳಬಹುದು, ತಡೆಯಬಹುದು. ಜೀವ ತೆಗೆಯುವಷ್ಟು ಹೋಗಬಹುದಾದ ಸಂದರ್ಭಗಳು ಮಾತ್ರ ಬೆರಳೆಣಿಕೆಯಷ್ಟು: ದರೋಡೆ, ಸೂರ್ಯ ಮುಳುಗಿ ಹುಟ್ಟುವುದರೊಳಗೆ ಮನೆಗೆ ಕನ್ನ, ವಾಸದ ಮನೆಗೆ ಬೆಂಕಿ ಅಂಥವು. ಕಳ್ಳತನವೋ ಹಾನಿಯೋ ಆದರೆ, ತಡೆಯದಿದ್ದರೆ ಸಾವೋ ದೊಡ್ಡ ಗಾಯವೋ ಆಗುತ್ತದೆ ಅನ್ನುವ ಸ್ಥಿತಿ ಇರಬೇಕು. ಬೇಲಿ ಗೂಟ, ಮೆಣಸಿನ ಬಳ್ಳಿ, ಸಿಲ್ವರ್ ಓಕ್ ಇದರಲ್ಲಿ ಬರುವುದಿಲ್ಲ. “ಕಾಲಿಗೆ ತಾನೇ ಹೊಡೆದದ್ದು, ಎದೆಗಲ್ಲವಲ್ಲ” ಅಂದರು ಮಾವ. ಅದು ಒಳ್ಳೆಯ ಮಾತೇ. ಕೊಲೆ ಯತ್ನ ಅನ್ನುವ 109 ಬಿದ್ದು, ಅಪಾಯಕಾರಿ ಆಯುಧದಿಂದ ಗಾಯ ಮಾಡಿದ 118ಕ್ಕೆ ಇಳಿಯಲು ಸಹಾಯ ಆಗಬಹುದು. ಹಾಗಂತ ಹೊಡೆದದ್ದೇ ಸರಿ ಅಂತ ಆಗುವುದಿಲ್ಲ.

ಮಾವ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ್ದರು. ಪಂಜಾಬಿನಲ್ಲಿ ಚಿಕ್ಕಪ್ಪ-ದೊಡ್ಡಪ್ಪನ ಜಮೀನು ಜಗಳದಲ್ಲಿ ಗುಂಡು ಹೊಡೆದವನನ್ನು ಸುಪ್ರೀಂ ಕೋರ್ಟೇ ಬಿಟ್ಟಿದೆಯಂತೆ, ಹೌದಾ ಅಂತ ಕೇಳಿದರು. ಹೌದು, 2010ರ ತೀರ್ಪು, ನಮ್ಮ ವಕೀಲರೆಲ್ಲ ಓದಿರುವಂಥದ್ದು. ಆದರೆ ಅಲ್ಲಿ ಸತ್ತವನು ಉದ್ದ ಹಿಡಿಯ ಕೊಡಲಿಯಂಥ ಗಂಡಾಸೆಯಿಂದ ತನ್ನ ಅಣ್ಣತಮ್ಮನ ಮೇಲೇ ಏಟು ಹಾಕಿದ್ದ. ಏಟು ತಿಂದವನ ಮಗ, ತಂದೆಯನ್ನು ಉಳಿಸಲು ಲೈಸೆನ್ಸ್ ಇದ್ದ ಕೋವಿಯಿಂದ ಗುಂಡು ಹಾರಿಸಿದ. ತಂದೆಯ ಮೈಮೇಲೆ ಗಾಯ ಇತ್ತು. ಇನ್ನೊಂದು ವಿಷಯ ವಿಡಿಯೋದವರು ಹೇಳಿರಲಿಕ್ಕಿಲ್ಲ. ಘಟನೆ 1991ರದ್ದು. ಕೆಳಗಿನ ಕೋರ್ಟು ಬಿಟ್ಟಿತು, ಹೈಕೋರ್ಟು ಶಿಕ್ಷೆ ಕೊಟ್ಟಿತು, ಸುಪ್ರೀಂ ಕೋರ್ಟು ಮತ್ತೆ ಬಿಟ್ಟಿತು. ಗೆಲ್ಲುವಷ್ಟರಲ್ಲಿ ಮನುಷ್ಯನ ಅರ್ಧ ಆಯುಸ್ಸು.

ಆಮೇಲೆ ಗಾಯದ ವಿಷಯ ಬಂತು. ಮಾವನ ಮಗನ ಮುಂಗೈ ಮೇಲೆ ಒಂದು ಗೀರು ಇದೆ. ಕತ್ತಿ ತಾಗಿದ್ದು ಅಂತ ಇವನ ದೂರಿನಲ್ಲಿದೆ. ಆರೋಪಿಯ ಮೈಮೇಲಿನ ಗಾಯ ಹೇಗಾಯಿತು ಅಂತ ಪ್ರಾಸಿಕ್ಯೂಷನ್ ವಿವರಿಸದಿದ್ದರೆ ಅವರ ಕಥೆಯ ಮೇಲೇ ಸಂಶಯ ಬರುತ್ತದೆ, ಇದು ಆರೋಪಿಗೆ ದೊಡ್ಡ ಬಲ. ಆದರೆ ಗಾಯ ಲೆಕ್ಕಕ್ಕೆ ಬರುವಷ್ಟು ಇರಬೇಕಲ್ವಾ? ತಂತಿ ಬೇಲಿ ಪಕ್ಕದಲ್ಲೇ ಇದ್ದಾಗ ಗೀರು ಎಲ್ಲಿಂದ ಬೇಕಾದರೂ ಬರಬಹುದು.

ಇನ್ನು ಆ ದಾಯಾದಿಯ ತೊಡೆ. ಮಾವ ತಂದ ಕವರಿನಲ್ಲಿ ಆಸ್ಪತ್ರೆಯ ಗಾಯದ ಸರ್ಟಿಫಿಕೇಟಿನ ಜೆರಾಕ್ಸೂ ಇತ್ತು. ಮುಂಭಾಗದಲ್ಲಿ ಕೆಲವು ಚರೆ. ಅದರ ಕೆಳಗಿನ ಸಾಲು ಓದಿ ಕಾಗದವನ್ನು ಮಾವನ ಕಡೆ ತಿರುಗಿಸಿದೆ. ತೊಡೆಯ ಹಿಂಭಾಗದಲ್ಲೂ ಕೆಲವು.

“ಮೊದಲ ಗುಂಡಿಗೆ ಅವನು ತಿರುಗಿದ. ಎರಡನೆಯದು ಹಿಂದಿನಿಂದ ಬಿತ್ತು” ಅಂದೆ. ಮಾವ ಏನೂ ಹೇಳಲಿಲ್ಲ. ಕಾಫಿ ಆರುತ್ತಾ ಇತ್ತು.

ಹಕ್ಕು ಇರುವುದು ಭಯ ಇರುವ ತನಕ. ಬೆನ್ನು ತಿರುಗಿಸಿದವನಿಂದ ಏನು ಭಯ? ಮೊದಲ ಗುಂಡಿಗೆ ಏನೋ ಒಂದು ವಾದ ಕಟ್ಟಬಹುದು. ಎರಡನೆಯದಕ್ಕೆ ಕಷ್ಟ. ಅವನು ಸತ್ತೇಹೋಗಿದ್ದಿದ್ದರೆ, ಒಳ್ಳೆಯ ಮನಸ್ಸಿನಿಂದಲೇ ಆತ್ಮರಕ್ಷಣೆಯ ಮಿತಿ ಮೀರಿದ ಅಂತ ತೋರಿಸಿದರೆ, ಕೊಲೆಯ ಬದಲು ಕೊಲೆಯಲ್ಲದ ನರಹತ್ಯೆ ಅಂತ ಆಗುವ ದಾರಿ ಇತ್ತು. ಅದಕ್ಕೂ ಜೈಲು ಇದೆ.

ಇನ್ನೊಂದು ಸಂಗತಿ ಅವರೇ ಬಾಯಿಬಿಟ್ಟರು. ಆ ದಿನ, ಪೊಲೀಸರು ಬರುವ ಮುಂಚೆ, ಮನೆಯ ಹಿರಿಯರೊಬ್ಬರು ಕೋವಿಯ ನಳಿಗೆಗೆ ಎಣ್ಣೆ ಹಾಕಿ ಒರೆಸಿ ಇಟ್ಟಿದ್ದರಂತೆ. ಕೆಟ್ಟ ಉದ್ದೇಶ ಇರಲಿಲ್ಲ. ಗುಂಡು ಹೊಡೆದ ಕೋವಿಯನ್ನು ಒರೆಸದೆ ಇಡಬಾರದು ಅನ್ನುವುದು ಅವರಿಗೆ ಚಿಕ್ಕಂದಿನಿಂದ ಬಂದದ್ದು. ಖಾಲಿ ತೋಟೆಗಳನ್ನೂ ಹೆಕ್ಕಿ ಎಸೆದಿದ್ದಾರೆ. ಸಾಕ್ಷ್ಯ ನಾಶಕ್ಕೆ 238 ಅಂತ ಇನ್ನೊಂದು ಸೆಕ್ಷನ್ ಇದೆ ಅಂತ ನಾನು ಹೇಳಿದಾಗ ಮಾವನಿಗೆ ನಿಜವಾಗಿಯೂ ಗಾಬರಿಯಾಯಿತು. ಆ ತೋಟೆಗಳು ಬಿದ್ದ ಜಾಗದಲ್ಲೇ ಇದ್ದಿದ್ದರೆ, ಗುಂಡು ಎಲ್ಲಿ ನಿಂತು ಹೊಡೆದದ್ದು ಅಂತ ಹೇಳಲು ಇವರಿಗೇ ಸಹಾಯ ಆಗುತ್ತಿತ್ತೇನೋ. ಚರೆ ಎಷ್ಟು ಅಗಲಕ್ಕೆ ಹರಡಿದೆ ಅನ್ನುವುದರ ಮೇಲೆ ದೂರ ಲೆಕ್ಕ ಹಾಕುತ್ತಾರೆ, ಈಗ ಉಳಿದಿರುವುದು ಅದೊಂದೇ.

ಸಾಕ್ಷಿಗಳ ಪಾಡು ಕೇಳಬೇಡಿ. ನೋಡಿದವರು ಮೂವರು: ಇವನ ಹೆಂಡತಿ, ಅವನ ತಾಯಿ, ತೋಟದ ಕಾರ್ಮಿಕರ ಲೈನ್ ಮನೆಯ ಕೆಲಸದವರೊಬ್ಬರು. ಈ ಕೆಲಸದವರು ಎರಡೂ ಮನೆಗೆ ಕೆಲಸಕ್ಕೆ ಹೋಗುತ್ತಾರೆ. ಅವರ ಸಂಕಟ ಊಹಿಸಿಕೊಳ್ಳಿ. ಕೇಸು, ಪ್ರತಿಕೇಸು ಎರಡನ್ನೂ ಒಬ್ಬರೇ ನ್ಯಾಯಾಧೀಶರು ಒಂದರ ಹಿಂದೆ ಒಂದು ಕೇಳಬೇಕು ಅಂತ ನಿಯಮ. ಒಂದರಲ್ಲಿ ಹೇಳಿದ್ದನ್ನು ಇನ್ನೊಂದರಲ್ಲಿ ತಿರುಚಲು ಆಗುವುದಿಲ್ಲ. ಒಂದು ಸಮಾಧಾನದ ಮಾತೂ ಹೇಳಿದೆ: ಆತ್ಮರಕ್ಷಣೆಯನ್ನು ಆರೋಪಿ ಸಂಶಯಕ್ಕೆ ಎಡೆಯೇ ಇಲ್ಲದಂತೆ ಸಾಬೀತು ಮಾಡಬೇಕಾಗಿಲ್ಲ. ಹೀಗಾಗಿರುವ ಸಂಭವವೇ ಜಾಸ್ತಿ ಅಂತ ಕೋರ್ಟಿಗೆ ಅನಿಸಿದರೆ ಸಾಕು. ಬಾಯಿಬಿಟ್ಟು ಕೇಳದಿದ್ದರೂ ಸಾಕ್ಷ್ಯದಲ್ಲೇ ಕಂಡರೆ ಕೋರ್ಟು ಕೊಡಬಹುದು.

“ನಮಗೆ ಕೋವಿಗೆ ಲೈಸೆನ್ಸೇ ಬೇಡ ಅಂತ ಸರ್ಕಾರವೇ ಹೇಳಿದೆ. ಅದಕ್ಕೇನೂ ಬೆಲೆ ಇಲ್ವಾ?”

ಇದು ಮಾವನ ಕೊನೆಯ ಅಸ್ತ್ರ. ಬೆಲೆ ಇದೆ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡಗಿನವರಿಗೆ ಆಯುಧ ಇಟ್ಟುಕೊಳ್ಳಲು ವಿನಾಯಿತಿ ಕೊಟ್ಟದ್ದರಿಂದ ಹಿಡಿದು, ಸ್ವಾತಂತ್ರ್ಯದ ನಂತರ 1963ರ ಆದೇಶ, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಣೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರ ಅಕ್ಟೋಬರ್ ತನಕ ಇದೆ. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ನನಗೂ ಅದರ ಹೆಮ್ಮೆ ಇದೆ. ಆದರೆ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು. ಹೊಡೆದದ್ದಕ್ಕೆ ಕೇಳುವ ಪ್ರಶ್ನೆ ಬೆಂಗಳೂರಿನ ಲೈಸೆನ್ಸಿನವನಿಗೂ ನಮಗೂ ಒಂದೇ. ಇಂಥ ಪ್ರತಿ ಕೇಸಿನ ನಂತರವೂ ವಿನಾಯಿತಿ ಯಾಕೆ ಬೇಕು ಅಂತ ಕೇಳುವವರಿಗೆ ನಾವೇ ಮಾತು ಒದಗಿಸುತ್ತೇವೆ. ಇದನ್ನು ಸ್ವಲ್ಪ ಖಾರವಾಗಿಯೇ ಹೇಳಿದೆ. ಮಾವನಿಗೆ ಬೇಸರವಾಯಿತು ಅನಿಸುತ್ತದೆ. ನಿನ್ನೆ ಅವರ ಮನೆಯಲ್ಲಿ ಪೂಜೆಗೆ ಕೋವಿ ಇರಲಿಲ್ಲ, ಪೊಲೀಸರ ವಶದಲ್ಲಿದೆ. ನಮ್ಮ ಸಾಂಪ್ರದಾಯಿಕ ಒಡಿಕತ್ತಿಗೆ ಮಾತ್ರ ತೋಕ್‌ಪೂ, ಅಂದರೆ ಈ ಹಬ್ಬಕ್ಕೆ ಕೋವಿಗೆ ಇಡುವ ಹೂವು, ಇಟ್ಟರಂತೆ.

ರಾಜಿ ಆಗುತ್ತಾ ಅಂತ ಕೇಳಿದರು. 109ನ್ನು ಕೆಳಗಿನ ಕೋರ್ಟಿನಲ್ಲಿ ರಾಜಿ ಮಾಡಿಕೊಳ್ಳಲು ಬರುವುದಿಲ್ಲ. ಗಾಯ ಎಲ್ಲಿ, ಆಯುಧ ಯಾವುದು ಅಂತ ನೋಡಿ ಹೈಕೋರ್ಟು ಕೆಲವೊಮ್ಮೆ ಒಪ್ಪಿ ಕೇಸು ರದ್ದು ಮಾಡುವುದುಂಟು. ಅದಕ್ಕೆ ಮೊದಲು ಆ ಮನೆಯವರು ಒಪ್ಪಬೇಕು. ಮಡಿಕೇರಿಯ ಹಿರಿಯ ವಕೀಲರೊಬ್ಬರ ನಂಬರು ಕೊಟ್ಟೆ. ಅವರಿಗೆ ಎರಡನೇ ಗುಂಡಿನ ವಿಷಯ, ಎಣ್ಣೆ ಹಾಕಿದ ವಿಷಯ ಯಾವುದನ್ನೂ ಮುಚ್ಚಿಡಬೇಡಿ ಅಂದೆ.

“ಕೇಸು ಏನಾದರೂ ಆಗಲಿ, ಮೊದಲು ಸರ್ವೆಗೆ ಅರ್ಜಿ ಹಾಕಿ, ಪೋಡಿ ಮಾಡಿಸಿ, ಇಬ್ಬರ ಪಾಲು ಅಳೆದು ಬೇರೆ ಬೇರೆ ದಾಖಲಾಗಲಿ. ನವೆಂಬರ್ ಕಳೆದರೆ ಕಾಫಿ ಕೊಯ್ಲು, ಮತ್ತೆ ಅದೇ ದಾರಿಯಲ್ಲಿ ಇಬ್ಬರೂ ಓಡಾಡಬೇಕು” ಅಂದೆ.

ಮಾವ ಕಾಗದಗಳನ್ನು ಮತ್ತೆ ಕವರಿಗೆ ತುರುಕುತ್ತಾ, “ಅರ್ಜಿಗೆ ಅವನ ಸಹಿಯೂ ಬೇಕಲ್ವಾ?” ಅಂದರು.

ಬೇಕು ಅಂದೆ.